ವಿಠಲ್ ರಾವ್ ಗೊತ್ತು, ಬರೆದವರು ಗೊತ್ತಿಲ್ಲ

ಡಾಕ್ಟರ್ ವಿಠಲ್ ರಾವ್ ಯಾರು ಅಂತ ಊರಿಗಾಂನಲ್ಲಿ ಯಾರನ್ನಾದರೂ ಕೇಳಿ ನೋಡಿ. ಮನೆಯಲ್ಲಿ ತಮಿಳು ಆಡುವವರಾಗಲಿ, ತೆಲುಗಿನವರಾಗಲಿ, ಮೂವತ್ತು ದಾಟಿದವರಾದರೆ ಮುಖದಲ್ಲಿ ನಗು ಬಂದೇ ಬರುತ್ತದೆ. 'ಸಿಲ್ಲಿ ಲಲ್ಲಿ'ಯ ಡಾಕ್ಟ್ರು! ಆ ಪಾತ್ರ ಮಾಡಿದ್ದು ರವಿಶಂಕರ್ ಗೌಡ ಅಂತಲೂ ಹೇಳುತ್ತಾರೆ. ಸಮಾಜ ಸೇವಕಿ ಲಲಿತಾಂಬ ಆಗಿದ್ದ ಮಂಜುಭಾಷಿಣಿಯವರ ಹೆಸರೂ ಬರುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಆ ಡಾಕ್ಟರ ಬಾಯಿಗೆ ಮಾತು ಕೊಟ್ಟವರು ಯಾರು? ನಾನು ಕೇಳಿದವರಲ್ಲಿ ಒಬ್ಬರು ಹೇಳಿದರು, "ಅವರೇ ಮಾತಾಡ್ತಾರಲ್ಲ, ಬರೆಯೋದೇನಿದೆ?"

ಬರೆದವನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇದಕ್ಕಿಂತ ದೊಡ್ಡ ಅನ್ಯಾಯವೂ ಇಲ್ಲ.

ನಮ್ಮಲ್ಲಿ ನಟರಿಗೆ ಧಾರಾವಾಹಿಯ ಹೆಸರೇ ಮನೆತನದ ಹೆಸರಾಗಿಬಿಡುತ್ತದೆ. ದೂರದರ್ಶನದ 'ಸಿಹಿ ಕಹಿ' ಮುಗಿದು ಎಷ್ಟೋ ಕಾಲವಾಯಿತು, ಚಂದ್ರು ಇವತ್ತಿಗೂ ಸಿಹಿಕಹಿ ಚಂದ್ರು, ಅವರ ಪತ್ನಿ ಸಿಹಿಕಹಿ ಗೀತಾ. ನಾಟಕದಿಂದ ಬಂದ ಹೆಸರು ಮುಖ್ಯಮಂತ್ರಿ ಚಂದ್ರು ಅವರದು. ರವಿಶಂಕರ್ ಅವರನ್ನು 'ಸಿಲ್ಲಿ ಲಲ್ಲಿ' ರವಿಶಂಕರ್ ಅಂದರೇ ಜನಕ್ಕೆ ಗುರುತು. ಇಂಥ ಬಿರುದು ಯಾವ ಬರಹಗಾರನಿಗೂ ಬಂದದ್ದು ನಾನು ಕೇಳಿಲ್ಲ.

ಹಾಗಾಗಿ ಹೆಸರು ಹೇಳಿಯೇ ಶುರು ಮಾಡುತ್ತೇನೆ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ 'ಪಾಪ ಪಾಂಡು'ವನ್ನು ಸಿಹಿಕಹಿ ಚಂದ್ರು ನಿರ್ದೇಶಿಸಿದರು. ಪಾಂಡು ಆಗಿ ಚಿದಾನಂದ್, ಶ್ರೀಮತಿಯಾಗಿ ಶಾಲಿನಿ. ಬರೆದವರು ಹಾಸ್ಯ ಲೇಖಕ ಎಂ.ಎಸ್. ನರಸಿಂಹಮೂರ್ತಿ. 'ಸಿಲ್ಲಿ ಲಲ್ಲಿ'ಯ ಹಿಂದೆ ಇದ್ದವರು ವಿಜಯಪ್ರಸಾದ್, ಮುಂದೆ 'ಸಿದ್ಲಿಂಗು', 'ನೀರ್ ದೋಸೆ' ಸಿನಿಮಾ ಮಾಡಿದ ಅದೇ ವಿಜಯಪ್ರಸಾದ್. ನಮ್ಮ ತಲೆಮಾರಿನ ಸಂಜೆಗಳನ್ನು ಇವರಿಬ್ಬರು ಹಂಚಿಕೊಂಡಿದ್ದರು ಅಂದರೆ ತಪ್ಪಾಗದು.

ಈ ಕೆಲಸ ಹೇಗೆ ನಡೆಯುತ್ತದೆ ಅನ್ನೋದು ನೋಡುವವರಿಗೆ ಗೊತ್ತಾಗುವುದಿಲ್ಲ. ಅರ್ಧ ಗಂಟೆಯ ಧಾರಾವಾಹಿ ಅಂದರೆ ಜಾಹೀರಾತು ಕಳೆದು ಸುಮಾರು 22 ನಿಮಿಷ. ವಾರಕ್ಕೆ ಐದು ದಿನ ಅಂದರೆ ವರ್ಷಕ್ಕೆ 260 ಕಂತು. ಅಮೆರಿಕದಲ್ಲಿ 'ಸೈನ್‌ಫೆಲ್ಡ್' ಅಂತ ದೊಡ್ಡ ಹೆಸರು ಮಾಡಿದ ಹಾಸ್ಯ ಧಾರಾವಾಹಿ ಇತ್ತು. 1989ರಿಂದ 1998ರವರೆಗೆ ನಡೆಯಿತು, ಒಂಬತ್ತು ಸೀಸನ್, ಒಟ್ಟು 180 ಕಂತು. ಅದನ್ನು ಬರೆಯಲು ಒಂದು ಕೋಣೆ ತುಂಬ ಜನ. ಅವರು ಒಂಬತ್ತು ವರ್ಷದಲ್ಲಿ ಮಾಡಿದ್ದಕ್ಕಿಂತ ಹೆಚ್ಚನ್ನು ನಮ್ಮಲ್ಲಿ ಒಬ್ಬಿಬ್ಬರು ಕೂತು ಒಂದೇ ವರ್ಷದಲ್ಲಿ ಬರೆದು ಮುಗಿಸಬೇಕು. ಎಲ್ಲ ಕಂತೂ ಚೆನ್ನಾಗಿರಲಿಲ್ಲ ಅಂತ ದೂರುವವರು ಈ ಲೆಕ್ಕ ನೋಡಬೇಕು. ನಾನು ದಿನಕ್ಕೆ ಎರಡು ಸುದ್ದಿ ಬರೆಯುವವನು, ಅದೂ ಬೇರೆಯವರು ಮಾಡಿದ್ದನ್ನು ಬರೆಯುವವನು. ಅಷ್ಟಕ್ಕೇ ಶನಿವಾರದ ಹೊತ್ತಿಗೆ ತಲೆ ಬರಿದಾಗಿರುತ್ತದೆ.

ಮೊದಲು ಒಂದು ಸಾಲಿನ ಕತೆಯನ್ನು ಚಾನೆಲ್‌ನವರು ಒಪ್ಪಬೇಕು. ಆಮೇಲೆ ಅದನ್ನು ದೃಶ್ಯಗಳಾಗಿ ಒಡೆಯಬೇಕು. ಕೊನೆಗೆ ಮಾತು. ಮಾತು ಬರೆಯುವವನ ಕೈಗೆ ಬರುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ಬೆಳಗ್ಗೆ ಶೂಟಿಂಗ್, ಹಿಂದಿನ ರಾತ್ರಿ ಬರವಣಿಗೆ. ಈಗಂತೂ ನಟರು ಮೇಕಪ್ಪಿಗೆ ಕೂತಿರುವಾಗ ಸಾಲುಗಳು ವಾಟ್ಸಾಪಿನಲ್ಲಿ ಬಂದು ಬೀಳುತ್ತವೆ. ಸೆಟ್ಟು ಅಂದರೆ ಒಂದು ಹಾಲ್, ಒಂದು ಅಡುಗೆಮನೆ, ಮೆಟ್ಟಿಲು, ಹೊರಗಿನ ಬಾಗಿಲು. ಹೊರಗೆ ಹೋಗಿ ಚಿತ್ರೀಕರಿಸಲು ದುಡ್ಡಿಲ್ಲ, ಆದ್ದರಿಂದ ಪ್ರಪಂಚವೆಲ್ಲ ಆ ಬಾಗಿಲಿನಿಂದಲೇ ಒಳಗೆ ಬರಬೇಕು. ಅತ್ತೆ ಬರಬೇಕು, ಸಾಲಗಾರ ಬರಬೇಕು, ಸ್ವಾಮೀಜಿ ಬರಬೇಕು. ನಟನೊಬ್ಬನಿಗೆ ಸಿನಿಮಾ ಸಿಕ್ಕಿ ಹತ್ತು ದಿನ ರಜೆ ಹಾಕಿದರೆ, ಆ ಪಾತ್ರವನ್ನು ಎಲ್ಲಿಗಾದರೂ ಕಳಿಸಬೇಕು. ಬರಹಗಾರನ ಅರ್ಧ ಜಾಣ್ಮೆ ಇಂಥದ್ದಕ್ಕೇ ಖರ್ಚಾಗುತ್ತದೆ.

ಇಷ್ಟೆಲ್ಲ ಆದರೂ ನನ್ನ ಪ್ರಕಾರ ಇದರಲ್ಲಿ ಅತಿ ಕಷ್ಟದ ಕೆಲಸ ನಗಿಸುವುದಲ್ಲ. ಕಂತು ಮುಗಿಯುವ ಹೊತ್ತಿಗೆ ಎಲ್ಲರನ್ನೂ ಹೊರಟಲ್ಲಿಗೇ ವಾಪಸು ತಂದು ನಿಲ್ಲಿಸುವುದು ಅದಕ್ಕಿಂತ ಕಷ್ಟ. ಪಾಂಡುವಿಗೆ ಇವತ್ತು ಲಾಟರಿ ಹೊಡೆಯಬಹುದು, ನಾಳೆ ಬೆಳಗ್ಗೆ ಅವನ ಜೇಬಲ್ಲಿ ಏನೂ ಇರಬಾರದು. ಜಗಳ ಆಡಿ ಮನೆ ಬಿಟ್ಟು ಹೋದವರು ಅರ್ಧ ಗಂಟೆಯೊಳಗೆ ಹಿಂದಿರುಗಬೇಕು. ಯಾರೂ ಬುದ್ಧಿ ಕಲಿಯಬಾರದು. ಕಲಿತರೆ ನಾಳೆಯ ಕಂತಿಗೆ ಕತೆ ಇರುವುದಿಲ್ಲ. 'ಸೈನ್‌ಫೆಲ್ಡ್' ಬರೆದ ಲ್ಯಾರಿ ಡೇವಿಡ್ ಕೂಡ ಇದೇ ನಿಯಮ ಇಟ್ಟುಕೊಂಡಿದ್ದರು: ಪಾತ್ರಗಳು ತಬ್ಬಿಕೊಂಡು ಅಳಬಾರದು, ಪಾಠ ಕಲಿಯಬಾರದು. ಕಾದಂಬರಿಕಾರನಿಗೆ ಪಾತ್ರ ಬದಲಾಗದಿದ್ದರೆ ಬೈಗುಳ, ಟಿವಿ ಹಾಸ್ಯ ಬರೆಯುವವನಿಗೆ ಪಾತ್ರ ಬದಲಾದರೆ ಕೆಲಸ ಹೋಗುತ್ತದೆ.

ಇದು ನನಗೆ ಯಾವುದೇ ತರಗತಿಯಲ್ಲಿ ಹೊಳೆದದ್ದಲ್ಲ. ನಮ್ಮ ಮನೆಯ ಟಿವಿ ಮುಂದೆ ಕೂತಿದ್ದ ಅಪ್ಪನನ್ನು ನೆನೆದಾಗ ಹೊಳೆದದ್ದು.

2001ರ ಫೆಬ್ರುವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ನನಗೆ ಆಗ ಹದಿಮೂರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಲ್ಲಿಂದ ನೂರಿಪ್ಪತ್ತು ವರ್ಷ ಊರನ್ನು ಎಬ್ಬಿಸಿ ಮಲಗಿಸುತ್ತಿದ್ದದ್ದು ಗಣಿಯ ಸೈರನ್. ನಮ್ಮ ಮನೆಯಲ್ಲಿ ಅದಕ್ಕೆ 'ಸಂಗು' ಅನ್ನುತ್ತಿದ್ದರು. ಸಂಗು ಊದಿದರೆ ಅಪ್ಪ ಹೊರಡುತ್ತಿದ್ದರು, ಸಂಗು ಊದಿದರೆ ಬರುತ್ತಿದ್ದರು. ಅದು ನಿಂತ ಮೇಲೆ ಅಪ್ಪನಿಗೆ ಹೊತ್ತು ಗೊತ್ತಾಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಸ್ನಾನ ಮಾಡಿ, ಶರ್ಟು ಹಾಕಿಕೊಂಡು, ಬಾಗಿಲ ಬಳಿ ಕೂರುತ್ತಿದ್ದರು. ಲೈನಿನ ಎಲ್ಲ ಮನೆಗಳ ಬಾಗಿಲಲ್ಲೂ ಒಬ್ಬೊಬ್ಬರು ಹಾಗೆ ಕೂತಿರುತ್ತಿದ್ದರು.

ಕೊನೆಯ ಲೆಕ್ಕದ ದುಡ್ಡು ಬಂದಾಗ ಬಹಳ ಮನೆಗಳಲ್ಲಿ ಆದಂತೆ ನಮ್ಮಲ್ಲೂ ಕಲರ್ ಟಿವಿ ಬಂತು. ಸಾಲ ತೀರಿಸದೆ ಟಿವಿ ತಂದರು ಅಂತ ಅಜ್ಜಿ ಬೈದಳು. ಈಟಿವಿ ಕನ್ನಡ ಶುರುವಾಗಿ ಆಗ ಕೆಲವೇ ತಿಂಗಳಾಗಿತ್ತು. ನಮ್ಮದು ತಮಿಳು ಮನೆ. ಅಮ್ಮನಿಗೆ ಸನ್ ಟಿವಿ ಬೇಕು, 'ಮೆಟ್ಟಿ ಒಲಿ' ಬಂದ ಮೇಲಂತೂ ಆ ಹೊತ್ತಿನಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಐದು ಹೆಣ್ಣುಮಕ್ಕಳ ತಂದೆಯ ಕಷ್ಟ, ಕಣ್ಣೀರು. ಅಪ್ಪ ಮಾತ್ರ ರಿಮೋಟ್ ಕೈಗೆ ಸಿಕ್ಕರೆ ಕನ್ನಡದ ನಗೆ ಧಾರಾವಾಹಿ ಹಾಕುತ್ತಿದ್ದರು. ಅಳುವುದಕ್ಕೆ ಕರೆಂಟ್ ಬಿಲ್ ಯಾಕೆ ಕಟ್ಟಬೇಕು, ಅದು ಮನೆಯಲ್ಲೇ ಪುಕ್ಕಟೆ ಇದೆ ಅನ್ನುವುದು ಅವರ ವಾದ.

ಅಪ್ಪ ಜೋರಾಗಿ ನಗುವವರಲ್ಲ. ಭುಜ ಕುಣಿಯುತ್ತಿತ್ತು, ಅಷ್ಟೇ. ಆದರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆಗ ನನಗೆ ಅರ್ಥವಾಗುತ್ತಿರಲಿಲ್ಲ, ಒಂದೇ ಥರದ ಕತೆಯನ್ನು ಹೇಗೆ ದಿನಾ ನೋಡುತ್ತಾರೆ ಅಂತ. ಈಗ ಅನಿಸುತ್ತದೆ, ಒಂದೇ ಥರ ಇದ್ದದ್ದಕ್ಕೇ ನೋಡುತ್ತಿದ್ದರು. ನಿನ್ನೆ ಇದ್ದ ಸೋಫಾ ಇವತ್ತೂ ಅಲ್ಲೇ ಇದೆ. ನಿನ್ನೆಯ ಡಾಕ್ಟರು ಇವತ್ತೂ ಡಾಕ್ಟರೇ. ಎಷ್ಟು ಅನಾಹುತವಾದರೂ ನಾಳೆ ಅದೇ ಹೊತ್ತಿಗೆ ಅದೇ ಮನೆ, ಅದೇ ಜನ. ಹೊರಗೆ ಯಾವುದೂ ಹಾಗಿರಲಿಲ್ಲ. ಪಕ್ಕದ ಮನೆಯವರು ಹೊಸೂರಿಗೆ ಹೋದರು, ಎದುರು ಮನೆಯ ಹುಡುಗ ಓದು ಬಿಟ್ಟ, ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ನಾವಿರುವ ಕ್ವಾರ್ಟರ್ಸ್ ನಮ್ಮದೋ ಕಂಪನಿಯದೋ ತಿಳಿಯದು. ಅಂಥ ವರ್ಷಗಳಲ್ಲಿ ಬೆಂಗಳೂರಿನ ಯಾವುದೋ ಕೋಣೆಯಲ್ಲಿ ಒಬ್ಬರು ರಾತ್ರಿಯೆಲ್ಲ ಕೂತು, ನಾಳೆ ಏನೂ ಬದಲಾಗದಂತೆ ನೋಡಿಕೊಳ್ಳುತ್ತಿದ್ದರು.

ಹಾಗಂತ ಎಲ್ಲವನ್ನೂ ಹೊಗಳಲಾರೆ. 'ಪಾಪ ಪಾಂಡು'ವಿನ ದೊಡ್ಡ ತಮಾಷೆ ಹೆಂಡತಿ ಗಂಡನಿಗೆ ಬಾರಿಸುವುದು. ನಮ್ಮ ಲೈನಿನಲ್ಲಿ ಅದೇ ವರ್ಷಗಳಲ್ಲಿ ಏಟು ಬೀಳುತ್ತಿದ್ದದ್ದು ಇನ್ನೊಂದು ದಿಕ್ಕಿನಲ್ಲಿ. ಕೆಲಸ ಹೋದ ಗಂಡಸರು ಕುಡಿದು ಬಂದ ರಾತ್ರಿಗಳ ಸದ್ದು ನನಗೆ ನೆನಪಿದೆ. ನಮ್ಮ ಮನೆಗೆ ಟಿವಿ ನೋಡಲು ಬರುತ್ತಿದ್ದ ಪಕ್ಕದ ಲೈನಿನ ಹೆಂಗಸೊಬ್ಬರು ಪಾಂಡುವಿಗೆ ಏಟು ಬಿದ್ದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಬರೆದವರ ಮನಸ್ಸಲ್ಲಿ ಅಂಥವರು ಇದ್ದರೋ ಇಲ್ಲವೋ, ನಗು ಮಾತ್ರ ಅವರಿಗೆ ತಲುಪಿತ್ತು.

ಇನ್ನೊಂದು ಉಪಕಾರ ಕನ್ನಡದ್ದು. ಗಣಿಯ ಕಾಲದಲ್ಲಿ ಅಪ್ಪನಿಗೆ ತಮಿಳು ಸಾಕಾಗಿತ್ತು, ಸಾಹೇಬರ ಹತ್ತಿರ ನಾಲ್ಕು ಇಂಗ್ಲಿಷ್ ಶಬ್ದ. ಗಣಿ ಮುಚ್ಚಿದ ಮೇಲೆ ಪ್ರತಿಯೊಂದಕ್ಕೂ ಬಂಗಾರಪೇಟೆಯ ತಾಲ್ಲೂಕು ಕಚೇರಿ. ಆಗ ಕೆಜಿಎಫ್ ಬೇರೆ ತಾಲ್ಲೂಕಾಗಿರಲಿಲ್ಲ. ಆದಾಯ ಪತ್ರ, ಜಾತಿ ಪತ್ರ, ರೇಷನ್ ಕಾರ್ಡು, ಎಲ್ಲ ಕಡೆ ಕನ್ನಡದಲ್ಲಿ ಕೇಳಬೇಕು. ಅಪ್ಪ ಕಲಿತ ಕನ್ನಡ ಪೂರಾ ಧಾರಾವಾಹಿಯ ಕನ್ನಡ. ಗುಮಾಸ್ತನೊಬ್ಬನಿಗೆ ವಿಠಲ್ ರಾವ್ ಥರ ಎದೆ ಉಬ್ಬಿಸಿ, ಏನ್ ಸ್ವಾಮಿ ತಾವು ಅಂತ ಶುರು ಮಾಡಿದ್ದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಗುಮಾಸ್ತ ಮೊದಲು ದುರುಗುಟ್ಟಿ ನೋಡಿದ, ಆಮೇಲೆ ನಕ್ಕ, ಕೆಲಸ ಮಾಡಿಕೊಟ್ಟ. ನಾನು ಇವತ್ತು ಕನ್ನಡದಲ್ಲಿ ಸುದ್ದಿ ಬರೆದು ಬದುಕುತ್ತಿರುವುದಕ್ಕೆ ಶಾಲೆಯ ಮೇಷ್ಟರು ಕಾರಣ, ನಿಜ. ಆದರೆ ಮಾತಿನ ಕನ್ನಡಕ್ಕೆ ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಬಿಗಿ ಹಿಡಿಯಬೇಕು ಅಂತ ಕಿವಿಗೆ ಬಿದ್ದದ್ದು ಸಂಜೆಯ ಟಿವಿಯಿಂದ.

ಈಗ ದುಡ್ಡಿನ ಮಾತು. ನಮ್ಮಲ್ಲಿ ಧಾರಾವಾಹಿ ಬರೆಯುವವರಿಗೆ ಕಂತಿಗೆ ಇಷ್ಟು ಅಂತ ಲೆಕ್ಕ. ಕಂತು ನಿಂತರೆ ಲೆಕ್ಕವೂ ನಿಂತಿತು. ಜಿಲ್ಲಾ ವರದಿಗಾರರಾದ ನಮ್ಮಂಥವರಿಗೆ ಇದು ಹೊಸದಲ್ಲ; ಎಷ್ಟು ಸುದ್ದಿ ಅಚ್ಚಾಯಿತೋ ಅಷ್ಟಕ್ಕೇ ಕಾಸು, ಹೆಸರು ಹಾಕಿದರೆ ಅದೇ ಹಬ್ಬ. ಆದರೆ ನಿನ್ನೆಯ ಸುದ್ದಿಯನ್ನು ಯಾರೂ ಮತ್ತೆ ಓದುವುದಿಲ್ಲ. ನಗೆ ಧಾರಾವಾಹಿ ಹಾಗಲ್ಲ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. 'ಪಾಪ ಪಾಂಡು' 2018ರಲ್ಲಿ ಹೊಸದಾಗಿ ಕಲರ್ಸ್ ಸೂಪರ್‌ನಲ್ಲಿ ಬಂತು. ಹಳೆಯ ವಿಠಲ್ ರಾವ್ ತುಣುಕುಗಳು ನಿಮ್ಮ ಫೋನಿಗೆ ಇವತ್ತು ಬೆಳಗ್ಗೆಯೂ ಬಂದಿರಬಹುದು. ಕತ್ತರಿಸಿ ಹಾಕಿದವನ ಪೇಜಿನ ಹೆಸರು ಅದರ ಮೇಲೆ ದೊಡ್ಡದಾಗಿ ಇರುತ್ತದೆ. ಬರೆದವರ ಹೆಸರು ಇದ್ದದ್ದು ಶುರುವಿನ ಪಟ್ಟಿಯಲ್ಲಿ, ಅದನ್ನೇ ಮೊದಲು ಕತ್ತರಿಸುವುದು.

2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದು, ರಾಯಧನದ ಪಾಲನ್ನು ಬರೆದವನು ಪೂರ್ತಿ ಬಿಟ್ಟುಕೊಡುವಂತಿಲ್ಲ ಅನ್ನುವ ಮಾತು ಕಾನೂನಿನಲ್ಲಿ ಸೇರಿತು. ಅದರ ದೊಡ್ಡ ಫಲ ಹಾಡು ಬರೆಯುವವರಿಗೆ, ಸಂಗೀತ ಮಾಡುವವರಿಗೆ. ಮಾತು ಬರೆಯುವವರ ಮನೆವರೆಗೆ ಅದು ಬಂದಂತೆ ಕಾಣುವುದಿಲ್ಲ. ಅಮೆರಿಕದ ಬರಹಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿದ್ದಕ್ಕೆ ಒಂದು ಮುಖ್ಯ ಕಾರಣ ಇದೇ: ಹಳೆಯ ಕಂತನ್ನು ಫೋನಿನಲ್ಲಿ, ಇಂಟರ್ನೆಟ್ಟಿನಲ್ಲಿ ಮತ್ತೆ ಮತ್ತೆ ತೋರಿಸಿದಾಗ ಬರೆದವನಿಗೂ ಪಾಲು ಬೇಕು. 148 ದಿನ ಬೀದಿಯಲ್ಲಿ ನಿಲ್ಲಲು ಸಂಘ ಗಟ್ಟಿಯಾಗಿರಬೇಕು. ಗಣಿಯ ಸಂಘಗಳ ನಡುವೆ ಬೆಳೆದವನು ನಾನು, ಗಟ್ಟಿ ಸಂಘ ಇದ್ದೂ ಎಷ್ಟು ಕಾಲ ಹಿಡಿಯುತ್ತದೆ ಅನ್ನೋದು ಗೊತ್ತು.

ಹಾಗಾದರೆ ಬರೆಯುವವರು ಏನಾಗುತ್ತಾರೆ? ಒಂದು ದಾರಿ ನರಸಿಂಹಮೂರ್ತಿಯವರದು. ಅವರು ಪುಸ್ತಕದ ಹಾಸ್ಯ, ಪತ್ರಿಕೆಯ ಹಾಸ್ಯ, ವೇದಿಕೆಯ ಹಾಸ್ಯ ಯಾವುದನ್ನೂ ಬಿಡಲಿಲ್ಲ. ಟಿವಿ ಅವರಿಗೆ ಹಲವು ಮನೆಗಳಲ್ಲಿ ಒಂದು ಮನೆ. ಒಂದು ಬಾಗಿಲು ಮುಚ್ಚಿದರೂ ಇನ್ನೊಂದರಲ್ಲಿ ಕುರ್ಚಿ ಇರುತ್ತದೆ. ಇನ್ನೊಂದು ದಾರಿ ವಿಜಯಪ್ರಸಾದ್ ಅವರದು: ಮಾತು ತನ್ನ ಕೈಯಲ್ಲೇ ಉಳಿಯಬೇಕಾದರೆ ತಾನೇ ನಿರ್ದೇಶಕನಾಗಬೇಕು. 2012ರ 'ಸಿದ್ಲಿಂಗು'ವಿನಲ್ಲಿ ಹಳೆಯ ಕಾರೊಂದರ ಹುಚ್ಚು ಹಿಡಿದವನಾಗಿ ಯಶ್ ಇದ್ದರು. ಆರು ವರ್ಷದ ನಂತರ ಅದೇ ಯಶ್ ನಮ್ಮ ಸಯನೈಡ್ ದಿಬ್ಬದ ಮೇಲೆ ನಿಂತು 'ಕೆಜಿಎಫ್' ಮಾಡಿದರು, ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಇಲ್ಲಿನ ಹುಡುಗರು 'ಕೆಜಿಎಫ್' ನೋಡಿ ಬೀಗುತ್ತಾರೆ. ನನಗೆ ಕೇಳಿದರೆ ಯಶ್ ಅವರು ಮಾಡಿದ್ದರಲ್ಲಿ ನಮ್ಮೂರಿನ ಗಂಡಸರಿಗೆ ಹತ್ತಿರದವನು ಸಿದ್ಲಿಂಗು. ಕೈಗೆ ಸಿಗದ ಒಂದು ವಸ್ತುವಿನ ಹಿಂದೆ ವರ್ಷಗಟ್ಟಲೆ ಅಲೆಯುವವನು. 2016ರ 'ನೀರ್ ದೋಸೆ'ಯಲ್ಲಿ ಜಗ್ಗೇಶ್ ಹೆಣ ಸಾಗಿಸುವ ವ್ಯಾನಿನ ಡ್ರೈವರ್. ಅದರ ಪೋಲಿ ಮಾತುಗಳ ಬಗ್ಗೆ ಆಕ್ಷೇಪವಿದೆ, ನನಗೂ ಕೆಲವು ಕಡೆ ಸಾಕೆನಿಸಿತು. ಆದರೆ ಒಂಟಿ ಮನುಷ್ಯರನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸುವ ಆ ಕೈ ಟಿವಿಯಲ್ಲಿ ಪಳಗಿದ್ದು ಅನ್ನುವುದು ಗೊತ್ತಾಗುತ್ತದೆ.

ಮೂರನೇ ದಾರಿ ಈಗಿನದು. 'ಮಜಾ ಟಾಕೀಸ್', 'ಕಾಮಿಡಿ ಕಿಲಾಡಿಗಳು', 'ಗಿಚ್ಚಿ ಗಿಲಿಗಿಲಿ' ಬಂದ ಮೇಲೆ ಅರ್ಧ ಗಂಟೆಯ ಮನೆ ಹೋಗಿ ಹತ್ತು ನಿಮಿಷದ ಸ್ಕಿಟ್ಟು ಬಂತು. ಈ ವಾರ ಬಸ್ಸು, ಮುಂದಿನ ವಾರ ಮದುವೆ ಮನೆ. ಪಾತ್ರವನ್ನು ವರ್ಷಗಟ್ಟಲೆ ಸಾಕುವ ಕೆಲಸವಿಲ್ಲ. ಹಳ್ಳಿಯ ಹುಡುಗ ಹುಡುಗಿಯರು ವೇದಿಕೆಗೆ ಬಂದರು, ಅದು ಒಳ್ಳೆಯದೇ. ಬರೆಯುವವನ ಹೆಸರು ಮಾತ್ರ ಇನ್ನೂ ಹಿಂದಕ್ಕೆ ಹೋಯಿತು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಾಮಸಮುದ್ರದ ಕಡೆಯ ಹುಡುಗನೊಬ್ಬ ಈ ವರ್ಷ ನನ್ನನ್ನು ಕೇಳಿದ: "ಅಣ್ಣಾ, ಕೆಲಸ ಬಿಟ್ಟು ಬರೀತಾ ಕೂತ್ಕೊಳ್ಳಲಾ?" ಬೆಂಗಳೂರಿನ ಗೋದಾಮೊಂದರಲ್ಲಿ ಅವನಿಗೆ ಕೆಲಸ. ಕತ್ತಲೆ ಇರುವಾಗಲೇ ಬಂಗಾರಪೇಟೆಗೆ ಬಂದು, ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತುತ್ತಾನೆ. ಕೂರಲು ಜಾಗ ಸಿಕ್ಕರೆ ಫೋನಿನಲ್ಲಿ ಬರೆಯುತ್ತಾನೆ, ಸಿಗದಿದ್ದರೆ ನಿಂತುಕೊಂಡೇ ಒಂದು ಬೆರಳಲ್ಲಿ ಬರೆಯುತ್ತಾನೆ. ಧಾರಾವಾಹಿಯೊಂದಕ್ಕೆ ಮಾತು ಬರೆಯುವವರ ಕೈಕೆಳಗೆ ಅವನು ದೃಶ್ಯ ಬರೆದುಕೊಡುತ್ತಾನೆ. ಹೆಸರು ಇಲ್ಲ. ದುಡ್ಡು ಬಂದಾಗ ಬಂತು.

ಅವನು ಬರೆದದ್ದನ್ನು ಓದಿದೆ. ಗಂಡ ಹೆಂಡತಿ ಗ್ಯಾಸ್ ಸಿಲಿಂಡರ್ ಬಗ್ಗೆ ಜಗಳವಾಡುವ ದೃಶ್ಯ. ಜೋಕು ಒಂದೂ ಇಲ್ಲ, ಆದರೂ ನಗು ಬಂತು. ಯಾಕೆಂದರೆ ಇಬ್ಬರೂ ತಮ್ಮ ಮಾತೇ ಸರಿ ಅಂತ ಪೂರ್ತಿ ನಂಬಿದ್ದಾರೆ. ಇದು ಹೇಳಿಕೊಟ್ಟರೆ ಬರುವುದಲ್ಲ. ಕೆಲಸ ಬಿಡಬೇಡ ಅಂದೆ, ಕನಿಷ್ಠ ಟೈಟಲ್ ಪಟ್ಟಿಯಲ್ಲಿ ನಿನ್ನ ಹೆಸರು ಬರುವವರೆಗೆ. ಪ್ರತಿ ದೃಶ್ಯವನ್ನೂ ತಾರೀಖು ಹಾಕಿ ನಿನ್ನದೇ ಇಮೇಲಿಗೆ ಕಳಿಸಿಟ್ಟುಕೋ ಅಂದೆ. ಕಂತಿಗೆ ಎಷ್ಟು ಅಂತ ಬಾಯಿ ಮಾತಲ್ಲಿ ಬೇಡ, ಮೆಸೇಜಿನಲ್ಲಾದರೂ ಬರೆಸಿಕೋ. ಇವು ಹೇಳಲು ಸುಲಭ. ಮೆಸೇಜು ಕೇಳಿದ ಮರುದಿನದಿಂದ ಫೋನೇ ಬರದಿದ್ದರೆ ಏನು ಮಾಡಲಿ ಅಂದ ಅವನು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ನನ್ನದೂ ಅದೇ ಕತೆ.

ಹೋದ ವಾರ ಸಿಕ್ಕಿದ್ದ, ಊರಿಗಾಂ ಸ್ಟೇಷನ್ನಿನಲ್ಲಿ. ಧಾರಾವಾಹಿಯಲ್ಲಿ ಮಾವನ ಪಾತ್ರ ಮಾಡುವವರಿಗೆ ಸಿನಿಮಾ ಸಿಕ್ಕಿ ಒಂದು ವಾರ ರಜೆಯಂತೆ. ಮಾವ ಎಲ್ಲಿ ಅಂತ ಸೊಸೆ ಕೇಳಬೇಕು, ಅತ್ತೆ ಏನಾದರೂ ಹೇಳಬೇಕು. ಇವನು ಬರೆದಿದ್ದ: ಊರಿಗಾಂಗೆ ಹೋಗಿದ್ದಾರೆ, ಹಳೇ ಸ್ನೇಹಿತರನ್ನ ನೋಡ್ಕೊಂಡು ಸೋಮವಾರ ಬರ್ತಾರೆ.

ಸೆಟ್ಟಿನಲ್ಲಿ ಯಾರೋ ಕೇಳಿದರಂತೆ, ಊರಿಗಾಂ ಅಂದರೆ ಎಲ್ಲಿ, ಅಂಥ ಊರು ಇದೆಯಾ ಅಂತ. ಟೇಕಿಗೆ ಹೊತ್ತಾಗಿತ್ತು. ಮೈಸೂರು ಅಂತ ಮಾಡಿದರು.